ಚಿನಾರ್ ಕೆಂಪೇರುವ ಕಾಲ

ಶರದೃತುವೆಂದೊಡನೆ ಕನ್ನಡನಾಡಿನವರ ಮನಸ್ಸಿಗೆ ತೋರುವುದು ತೊಳೆದಿಟ್ಟಂಥ ಆಕಾಶ, ತಿಳಿಯಾದ ಕೆರೆಯ ನೀರು, ನವರಾತ್ರಿಯ ಬೊಂಬೆಗಳು, ಅದರ ಬೆನ್ನಿಗೇ ಬರುವ ಹುಣ್ಣಿಮೆಯ ಬೆಳದಿಂಗಳು. ಮರದ ಎಲೆಗೂ ಈ ಋತುವಿಗೂ ನಮ್ಮಲ್ಲಿ ಅಷ್ಟಾಗಿ ನಂಟಿಲ್ಲ. ನಮ್ಮ ಕಾಡುಗಳಲ್ಲಿ ತೇಗವೂ ಮತ್ತಿಯೂ ಎಲೆ ಕಳಚುವುದು ಸಂಕ್ರಾಂತಿ ಕಳೆದು ನೆಲದ ತೇವ ಆರತೊಡಗಿದ ಮೇಲೆ. ನೀರಿನ ಅಭಾವಕ್ಕೆ ಮರ ಮಾಡಿಕೊಳ್ಳುವ ಏರ್ಪಾಡು ಅದು. ಎಲೆಯ ಕೆಂಪನ್ನು ನೋಡಬೇಕೆಂಬ ಆಸೆಯಾದರೆ ನಾವು ಯುಗಾದಿಯ ಹೊತ್ತಿಗೆ ಮಾವಿನ ಚಿಗುರನ್ನೋ ಅಶ್ವತ್ಥದ ತಳಿರನ್ನೋ ನೋಡಬೇಕು. ಬೀದಿಬದಿಯ ಕಾಡುಬಾದಾಮಿ ಮರವೊಂದು ಮಾತ್ರ ಎಲೆ ಉದುರಿಸುವ ಮುನ್ನ ಅದನ್ನು ಕೆಂಪಗೆ ಮಾಡಿ ತೋರಿಸುತ್ತದೆ. ಅದನ್ನು ನಿಂತು ನೋಡುವವರು ಶಾಲೆಗೆ ಹೋಗುವ ಮಕ್ಕಳಲ್ಲದೆ ಬೇರೆ ಯಾರೂ ಇದ್ದಂತಿಲ್ಲ.

ಕಾಶ್ಮೀರದ ಮಾತೇ ಬೇರೆ. ಪೀರ್ ಪಂಜಾಲ್ ಬೆಟ್ಟಸಾಲಿನ ಆಚೆ, ಬೋಗುಣಿಯಂತೆ ತಗ್ಗಾಗಿರುವ ಆ ಕಣಿವೆಯಲ್ಲಿ ಶ್ರೀನಗರವು ಸಮುದ್ರಮಟ್ಟದಿಂದ ಸುಮಾರು 1,585 ಮೀಟರ್ ಎತ್ತರದಲ್ಲಿದೆ. ಅಲ್ಲಿ ಶರತ್ತಿಗೆ ಹರುದ್ ಎಂದು ಹೆಸರು. ಸಂಸ್ಕೃತದ ಶಕಾರವು ಕಾಶ್ಮೀರಿ ಭಾಷೆಯಲ್ಲಿ ಹಕಾರವಾಗುವ ವಾಡಿಕೆಯುಂಟು. ಶತವು ಹಥ್ ಆದಂತೆಯೇ ಶರತ್ತು ಹರುದ್ ಆಗಿದೆ. ಹೆಸರಿನ ಮೂಲ ಒಂದೇ ಆದರೂ ನೋಟ ಒಂದೇ ಅಲ್ಲ. ಅಕ್ಟೋಬರ್ ಕಳೆಯುತ್ತ ಬಂದಂತೆ ಅಲ್ಲಿನ ಚಿನಾರ್ ಮರಗಳು ಹಸಿರನ್ನು ಬಿಟ್ಟು ಹಳದಿಗೂ, ಹಳದಿಯಿಂದ ಜೇನಿನ ಬಣ್ಣಕ್ಕೂ, ಅಲ್ಲಿಂದ ಕೆಂಡದ ಕೆಂಪಿಗೂ ತಿರುಗಿ, ಕೊನೆಗೆ ತುಕ್ಕುಹಿಡಿದ ಕಬ್ಬಿಣದಂತಾಗಿ ಉದುರುವುವು. ಈ ಮರವನ್ನು ಕಾಣದವರಿಗೆ ಹೀಗೆ ಹೇಳಬಹುದು: ಎಲೆ ನಮ್ಮ ಹರಳುಗಿಡದ ಎಲೆಯಂತೆ ಬೆರಳು ಬಿಡಿಸಿದ ಹಸ್ತದ ಆಕಾರ, ಮರವಾದರೋ ನಮ್ಮ ಹಳ್ಳಿಯ ಆಲದ ಮರದಷ್ಟು ದಪ್ಪ, ಅದಕ್ಕಿಂತಲೂ ಎತ್ತರ. ಕಾಶ್ಮೀರಿಗಳು ಇದನ್ನು ಬೂಞ್ ಎಂದು ಕರೆಯುವರು. ಭವಾನಿ ಎಂಬ ಮಾತೇ ಹೀಗಾಯಿತೆಂದು ಅಲ್ಲಿನ ಪಂಡಿತರಲ್ಲಿ ನಂಬಿಕೆಯುಂಟು. ತುಲ್‌ಮುಲ್ಲದಲ್ಲಿ ಖೀರ್ ಭವಾನಿಯ ಸನ್ನಿಧಿಗೆ ನೆರಳಾಗಿರುವುದೂ ಚಿನಾರ್ ಮರಗಳೇ. ಚಿನಾರ್ ಎಂಬ ಪಾರಸಿ ಹೆಸರಿಗೂ ಒಂದು ಕಥೆ ಕಟ್ಟಿದ್ದಾರೆ: ಯಾರೋ ಬಾದಶಹನು ದೂರದಿಂದ ಈ ಮರಗಳನ್ನು ಕಂಡು "ಇದೇನು ಬೆಂಕಿ!" ಎಂದನಂತೆ, ಆ ಉದ್ಗಾರವೇ ಹೆಸರಾಯಿತಂತೆ. ಶಬ್ದಶಾಸ್ತ್ರಜ್ಞರು ಒಪ್ಪದಿದ್ದರೂ, ಮರದ ಕೆಳಗೆ ನಿಂತವರು ಒಪ್ಪಿಬಿಡುವಂಥ ಕಥೆ ಇದು.

ನಮ್ಮ ಅಕ್ಕನವರು ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಗೋಡೆಗೆ ತೂಗುಹಾಕಿದ ಭಾರತದ ಪಟದ ನೆತ್ತಿಯ ಮೇಲೆ ಕೋಲಿಟ್ಟು ಝೇಲಂ ನದಿಯನ್ನೂ ವುಲರ್ ಸರೋವರವನ್ನೂ ಎಷ್ಟು ಮಕ್ಕಳಿಗೆ ತೋರಿಸಿದರೋ ಲೆಕ್ಕವಿಲ್ಲ. ತಾವು ಮಾತ್ರ ಕಾಶೀಯಾತ್ರೆಯೊಂದನ್ನು ಬಿಟ್ಟರೆ ವಿಂಧ್ಯದಾಚೆಗೆ ಕಾಲಿಟ್ಟವರಲ್ಲ. ಎಪ್ಪತ್ತೆರಡು ತುಂಬಿದ ವರ್ಷ, 2024ರಲ್ಲಿ, ಒಂದು ದಿನ ಊಟಕ್ಕೆ ಕುಳಿತಾಗ ಅವರು, "ಈ ಮೊಣಕಾಲು ಇನ್ನೆಷ್ಟು ದಿನ ನನ್ನ ಮಾತು ಕೇಳೀತೋ ಕಾಣೆ. ಒಂದು ಸಲ ಆ ಮರ ಕೆಂಪಾಗಿರುವಾಗ ನೋಡಿಬಿಡಬೇಕು ಕಣೋ" ಎಂದರು. ನಮ್ಮ ಹುಡುಗನಿಗೆ ಚಿತ್ರ ತೆಗೆಯುವ ಹುಚ್ಚು; ಅವನು ಹಿಗ್ಗಿದನು. "ಅತ್ತೆ, ನಾವು ಹೋದಾಗ ಮರ ಇನ್ನೂ ಹಸಿರಾಗಿಯೇ ಇದ್ದರೆ?" ಎಂದು ಕೇಳಿದನು. "ಹಸಿರು ಮರ ನೋಡುವುದಕ್ಕೆ ಅಷ್ಟು ದೂರ ಯಾಕೋ ಹೋಗಬೇಕು? ನಮ್ಮ ಹಿತ್ತಲಲ್ಲೇ ಹಲಸಿನ ಮರವಿದೆಯಲ್ಲ" ಎಂದು ಅವರು ಉತ್ತರ ಕೊಟ್ಟರು.

ಆಡಿದ್ದು ತಮಾಷೆಗಾದರೂ ಆ ಮಾತಿನಲ್ಲಿಯೇ ಇಡೀ ಪ್ರಯಾಣದ ಕಷ್ಟ ಅಡಗಿದೆ. ತಾಜಮಹಲನ್ನು ನೋಡಲು ಹೊರಟವರಿಗೆ ಅದು ಆ ದಿನ ಅಲ್ಲಿರುವುದೋ ಇಲ್ಲವೋ ಎಂಬ ಸಂದೇಹವಿಲ್ಲ. ಎಲೆಯ ಬಣ್ಣವಾದರೋ ವರ್ಷಕ್ಕೆ ಎರಡು ಮೂರು ವಾರದ ಅತಿಥಿ. ಅದು ಬರುವ ದಿನವನ್ನು ಯಾವ ಪಂಚಾಂಗವೂ ಬರೆಯದು. ಬಂದದ್ದು ಒಂದು ರಾತ್ರಿಯ ಗಾಳಿಮಳೆಗೆ ನೆಲ ಸೇರಿದರೂ ಸೇರಿತು. ವರ್ಷ ವರ್ಷವೂ ಹೋಗಬಲ್ಲವರಿಗೆ ಇದೊಂದು ವಿನೋದ. ಕಾಸಿಗೆ ಕಾಸು ಕೂಡಿಸಿ, ಮನೆಯ ಹಿರಿಯರನ್ನು ಕರೆದುಕೊಂಡು, ಒಂದೇ ಒಂದು ಸಲ ಹೊರಡತಕ್ಕ ಗೃಹಸ್ಥರಿಗೆ ಇದು ವಿನೋದವಲ್ಲ. ಆದಕಾರಣ ಎಲೆ ಬಣ್ಣ ತಿರುಗುವುದು ಹೇಗೆಂಬುದನ್ನು ಮೊದಲು ತಿಳಿದುಕೊಂಡು, ಅನಂತರ ಟಿಕೆಟ್ಟಿನ ಮಾತನ್ನೆತ್ತುವುದು ಲೇಸು.

ಬೇಸಗೆಯುದ್ದಕ್ಕೂ ಎಲೆಯಲ್ಲಿ ಹಸಿರು ದ್ರವ್ಯ ತುಂಬಿರುತ್ತದೆ. ಅದು ಬಿಸಿಲನ್ನು ಹಿಡಿದು ಮರಕ್ಕೆ ಆಹಾರ ಒದಗಿಸುವುದೆಂಬುದನ್ನು ಎಲ್ಲರೂ ಶಾಲೆಯಲ್ಲಿ ಓದಿರುವುದಷ್ಟೆ. ಅದೇ ಎಲೆಯಲ್ಲಿ ಹಳದಿ ಬಣ್ಣವೂ ಇದ್ದೇ ಇರುತ್ತದೆ. ಹಸಿರಿನ ದಟ್ಟಣೆಯಲ್ಲಿ ಅದು ಕಾಣುವುದಿಲ್ಲ. ಹಗಲು ಕುಗ್ಗಿ ಚಳಿ ಮೊದಲಾದಾಗ ಮರವು ಜಾಣ ಗೃಹಿಣಿಯಂತೆ, ಮನೆ ಖಾಲಿಮಾಡುವ ಮುನ್ನ ಬೆಲೆಬಾಳುವ ಸಾಮಾನನ್ನೆಲ್ಲ ಒಳಕ್ಕೆ ಸಾಗಿಸತೊಡಗುತ್ತದೆ. ಹಸಿರು ದ್ರವ್ಯ ಒಡೆದು, ಎಲೆಯಲ್ಲಿದ್ದ ಸಾರಜನಕವೇ ಮೊದಲಾದ ಸತ್ತ್ವ ಕೊಂಬೆಗೆ ಹಿಂದಿರುಗುತ್ತದೆ. ಆಗ ಮರೆಯಲ್ಲಿದ್ದ ಹಳದಿ ಹೊರಬೀಳುತ್ತದೆ. ಕೆಂಪಿನ ಕಥೆ ಬೇರೆ. ಅದು ಮೊದಲಿನಿಂದ ಇದ್ದದ್ದಲ್ಲ, ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಾದದ್ದು. ಎಲೆಯ ತೊಟ್ಟಿನಲ್ಲಿ ಬಿರಟೆಯಂಥ ತಡೆ ಬೆಳೆಯುತ್ತ ಬಂದಾಗ ಎಲೆಯೊಳಗಿನ ಸಕ್ಕರೆ ಹೊರಹೋಗಲಾರದೆ ಉಳಿಯುತ್ತದೆ. ಆ ಸಕ್ಕರೆಯಿಂದ, ಬಿಸಿಲಿನ ನೆರವಿನಿಂದ, ಕೆಂಪು ಬಣ್ಣ ಹುಟ್ಟುತ್ತದೆ. ಹಗಲು ಚೊಕ್ಕ ಬಿಸಿಲೂ ಇರುಳು ಹಿಮಗಟ್ಟದಷ್ಟು ಮಾತ್ರ ಚಳಿಯೂ ಇದ್ದ ವರ್ಷ ಕೆಂಪು ಚೆನ್ನಾಗಿ ಏರುತ್ತದೆ. ಮೋಡ ಕವಿದು ಮಳೆ ಹಿಡಿದರೆ ಬಣ್ಣ ಮಂಕು. ಅಕಾಲದಲ್ಲಿ ಕಟುವಾದ ಹಿಮ ಬಿದ್ದರೆ ಎಲೆ ಕೆಂಪಾಗುವ ಮೊದಲೇ ಸುಟ್ಟಂತಾಗಿ ಕಂದುತ್ತದೆ.

ಹೀಗಿರಲು ಎಲೆ ಸೂರ್ಯನ ಲೆಕ್ಕದಲ್ಲಿ ನಡೆಯುವುದು, ನಮ್ಮ ಹಬ್ಬದ ರಜೆಗಳು ಚಂದ್ರನ ಲೆಕ್ಕದಲ್ಲಿ ನಡೆಯುವುವು. ಶ್ರೀನಗರದ ಚಿನಾರ್ ಸಾಮಾನ್ಯವಾಗಿ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಎರಡನೆಯ ವಾರದವರೆಗೆ ಬಣ್ಣದಲ್ಲಿರುತ್ತದೆ. ದಸರೆಯ ರಜೆಯಲ್ಲಿ ಹೋದವರಿಗೆ ಬಹುಮಟ್ಟಿಗೆ ಹಸಿರು ಮರವೇ ಗತಿ. ದೀಪಾವಳಿಯಾದರೂ ಎಲ್ಲ ವರ್ಷವೂ ಒಂದೇ ಅಲ್ಲ. 2025ರಲ್ಲಿ ಅದು ಅಕ್ಟೋಬರ್ 20ರ ಸುಮಾರಿಗೇ ಬಂದುಬಿಟ್ಟಿತು. 2023ರಲ್ಲಿ ನವೆಂಬರ್ 12ಕ್ಕೆ ಬಂದಿತ್ತು. 2026ರದು ನವೆಂಬರ್ 8. ಕಾರಣವನ್ನು ನಮ್ಮ ಅಜ್ಜಿಯರೇ ಹೇಳಬಲ್ಲರು: ತಿಥಿಗಳು ವರ್ಷಕ್ಕೆ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಬಂದು, ಅಧಿಕಮಾಸ ಬಂದ ವರ್ಷ ಒಮ್ಮೆಗೇ ಮುಂದಕ್ಕೆ ಜಿಗಿಯುವುವು. 2023ರಲ್ಲಿ ಅಧಿಕ ಶ್ರಾವಣ, 2026ರಲ್ಲಿ ಅಧಿಕ ಜ್ಯೇಷ್ಠ. ಚೈತ್ರದಿಂದ ಆಶ್ವಯುಜದೊಳಗೆ ಅಧಿಕಮಾಸ ಬಿದ್ದ ವರ್ಷವೇ ಮಕ್ಕಳ ರಜೆಗೂ ಚಿನಾರಿನ ಕೆಂಪಿಗೂ ಹೆಚ್ಚಾಗಿ ಮೇಳ ಕೂಡುವ ವರ್ಷವೆಂದು ಗುರುತಿಟ್ಟುಕೊಳ್ಳಬಹುದು. ಅಧಿಕಮಾಸದಲ್ಲಿ ಶುಭಕಾರ್ಯಗಳನ್ನು ಮಾಡಬಾರದೆನ್ನುವವರು ಈ ಒಂದು ಉಪಕಾರಕ್ಕಾಗಿ ಅದನ್ನು ಸ್ವಲ್ಪ ಕ್ಷಮಿಸಬೇಕು.

ದಸರೆಯಲ್ಲಲ್ಲದೆ ಬಿಡುವಿಲ್ಲದವರಿಗೂ ಒಂದು ದಾರಿಯುಂಟು. ಬಣ್ಣವು ಎತ್ತರದಿಂದ ತಗ್ಗಿಗೆ ಇಳಿಯುತ್ತದೆ. ಲಡಾಖಿನಲ್ಲಿ ಪಾಪ್ಲರ್ ಮರಗಳೂ ವಿಲೋ ಮರಗಳೂ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಅಚ್ಚ ಹೊಂಬಣ್ಣ ತಾಳುವುವು. ಬೋಳುಬೆಟ್ಟಗಳ ನಡುವೆ ಆ ಚಿನ್ನದ ಗೆರೆಗಳನ್ನು ನೋಡುವುದೂ ಒಂದು ಭಾಗ್ಯವೇ. ಆದರೆ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮೊದಲ ಎರಡು ದಿನ ತಾರುಣ್ಯದವರೂ ಮಲಗಿ ವಿಶ್ರಮಿಸಬೇಕು. ಹೃದಯದ ಅಥವಾ ಉಸಿರಿನ ತೊಂದರೆಯಿರುವ ಹಿರಿಯರನ್ನು ವೈದ್ಯರ ಮಾತು ಕೇಳದೆ ಅಲ್ಲಿಗೆ ಕರೆದೊಯ್ಯತಕ್ಕದ್ದಲ್ಲ. ಪಹಲ್‌ಗಾಮ್, ಸೋನಾಮಾರ್ಗ್ ಕಡೆಯ ಮರಗಳು ಅಕ್ಟೋಬರ್ ನಡುವೆ ಹಳದಿಯಾಗುವುವು. ಕೆಂಪು ಬೇಕೆನ್ನುವವರು ಮಾತ್ರ ಶ್ರೀನಗರಕ್ಕಾಗಿ ಕಾಯಲೇಬೇಕು. ನಾವು ಕಾದೆವು. ಆ ವರ್ಷ ಬಲಿಪಾಡ್ಯಮಿ ನವೆಂಬರ್ 2ಕ್ಕೆ ಬಂದಿತ್ತು. ಹೋಳಿಗೆಯನ್ನು ಡಬ್ಬಕ್ಕೆ ತುಂಬಿಕೊಂಡು ಮರುದಿನ ಹೊರಟೆವು.

ಎಷ್ಟು ದಿನ ಬೇಕೆಂಬ ಪ್ರಶ್ನೆಗೆ ಪ್ರಯಾಣದ ಏಜೆಂಟರು ಐದು ದಿನವೆಂದು ಹೇಳಿ, ಆ ಐದರಲ್ಲಿ ಗುಲ್‌ಮಾರ್ಗ್, ಪಹಲ್‌ಗಾಮ್, ಸೋನಾಮಾರ್ಗ್ ಮೂರನ್ನೂ ತುರುಕಿ, ಶ್ರೀನಗರಕ್ಕೆ ಒಂದು ಮಧ್ಯಾಹ್ನವನ್ನು ಮಾತ್ರ ಉಳಿಸುವರು. ಬೇಸಗೆಯಲ್ಲಿ ಹೋಗುವವರಿಗೆ ಅದು ಸರಿ. ಎಲೆಗಾಗಿ ಹೋಗುವವರು ಇದನ್ನು ತಿರುಗಿಸಿಡಬೇಕು: ಆರೇಳು ದಿನ ಶ್ರೀನಗರದಲ್ಲಿಯೇ ಬೀಡುಬಿಟ್ಟು, ಹೊರಗಿನ ಒಂದೋ ಎರಡೋ ಊರುಗಳನ್ನು ಹವೆ ನೋಡಿಕೊಂಡು ಮಾಡುವುದು. ಒಂದೇ ತೋಟದಲ್ಲಿ ಒಂದು ಮರ ಕೆಂಪು, ಪಕ್ಕದ್ದು ಹಳದಿ, ಮೂರನೆಯದು ಇನ್ನೂ ಅರೆಹಸಿರು ಇರುವುದರಿಂದ ಒಂದು ದಿನಕ್ಕೆ ತೋಟ ಮುಗಿಯಿತೆನ್ನುವಂತಿಲ್ಲ. ಹವೆಯೂ ನೆಚ್ಚತಕ್ಕದ್ದಲ್ಲ. 2019ರ ನವೆಂಬರ್ ಮೊದಲ ವಾರದಲ್ಲಿ, ಮರಗಳಲ್ಲಿ ಎಲೆ ಇನ್ನೂ ಇರುವಾಗಲೇ ಭಾರಿ ಹಿಮ ಬಿದ್ದು, ಅದರ ಭಾರಕ್ಕೆ ಸೇಬಿನ ತೋಟಗಳಲ್ಲಿ ಕೊಂಬೆಗಳು ಮುರಿದವು, ಹೆದ್ದಾರಿಯೂ ಮುಚ್ಚಿತು. ಹಿಂದಿರುಗುವ ದಿನವನ್ನೂ ಆಫೀಸಿಗೆ ಹಾಜರಾಗುವ ದಿನವನ್ನೂ ಒಂದಕ್ಕೊಂದು ಅಂಟಿಸದೆ ನಡುವೆ ಎರಡು ದಿನ ಸಡಿಲ ಬಿಡತಕ್ಕದ್ದು.

ದಾರಿಯ ಮಾತು. ಬೆಂಗಳೂರಿನಿಂದ ದೆಹಲಿಯ ಮೇಲಾಗಿ ವಿಮಾನದಲ್ಲಿ ಹೋದರೆ ಒಂದೇ ದಿನದ ಪ್ರಯಾಣ. ರೈಲಿನಲ್ಲಿ ಹೋಗಬಯಸುವವರಿಗೆ 2025ರ ಜೂನ್ 6ರಂದು ಹೊಸ ಬಾಗಿಲು ತೆರೆಯಿತು. ಆ ದಿನ ಕಟ್ರಾದಿಂದ ಕಾಶ್ಮೀರದ ಕಣಿವೆಗೆ ರೈಲುಮಾರ್ಗ ಪೂರ್ಣವಾಗಿ ಕೂಡಿಕೊಂಡಿತು. ಆ ದಾರಿಯಲ್ಲಿ ಚೆನಾಬ್ ನದಿಯ ಮೇಲಿನ ಕಮಾನು ಸೇತುವೆ ನದಿಯ ಪಾತ್ರದಿಂದ 359 ಮೀಟರ್ ಎತ್ತರದಲ್ಲಿದೆ. ಕುತುಬ್ ಮಿನಾರನ್ನು ಒಂದರ ಮೇಲೊಂದರಂತೆ ನಾಲ್ಕು ನಿಲ್ಲಿಸಿದರೂ ಸೇತುವೆಯನ್ನು ಮುಟ್ಟದು. ಬನಿಹಾಲ್ ದಾಟಿದ ಮೇಲೆ ಪೀರ್ ಪಂಜಾಲಿನ ಹೊಟ್ಟೆಯೊಳಗೆ ಹನ್ನೊಂದು ಕಿಲೋಮೀಟರಿಗೂ ಮಿಕ್ಕ ಸುರಂಗ. ಅದರಿಂದ ಹೊರಬಂದರೆ ಕಣಿವೆ.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. 2025ರ ಏಪ್ರಿಲ್ 22ರಂದು ಪಹಲ್‌ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಸತ್ತವರಲ್ಲಿ ನಮ್ಮ ನಾಡಿನವರೂ ಇದ್ದರು. ಅದಾದ ಮೇಲೆ ಸರಕಾರವು ಹಲವು ಪ್ರೇಕ್ಷಣೀಯ ಸ್ಥಳಗಳನ್ನು ಮುಚ್ಚಿ, ಅನಂತರ ಕೆಲವನ್ನು ಹಂತಹಂತವಾಗಿ ತೆರೆಯಿತು. ಹೋಗಬೇಕೋ ಬೇಡವೋ ಎಂಬುದನ್ನು ಪ್ರತಿಯೊಂದು ಮನೆಯವರೂ ತಾವೇ ಕುಳಿತು ತೀರ್ಮಾನಿಸಬೇಕು; ಅನ್ಯರು ಧೈರ್ಯ ಹೇಳುವುದೂ ಹೆದರಿಸುವುದೂ ಎರಡೂ ಅಧಿಕಪ್ರಸಂಗ. ಹೊರಡುವವರು ಆಯಾ ಸ್ಥಳ ತೆರೆದಿದೆಯೇ ಎಂಬುದನ್ನು ಹೊರಡುವ ವಾರದಲ್ಲಿ ಮತ್ತೊಮ್ಮೆ ವಿಚಾರಿಸಲಿ. ಹೊರರಾಜ್ಯದ ಪ್ರೀಪೇಯ್ಡ್ ಮೊಬೈಲು ಅಲ್ಲಿ ನಡೆಯದಿರುವುದುಂಟು. ಮನೆಯವರ ಪೈಕಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಕಾವಲಿನವರನ್ನು, ಅವರ ಠಾಣೆಗಳನ್ನು, ಸೇತುವೆಗಳನ್ನು ಚಿತ್ರ ತೆಗೆಯಕೂಡದು. ಡ್ರೋನ್ ಹಾರಿಸುವ ಆಸೆಯನ್ನು ಮನೆಯಲ್ಲಿಯೇ ಬಿಟ್ಟುಹೋಗುವುದು ಮೇಲು.

ಚಳಿಯ ವಿಷಯ ಗೃಹಿಣಿಯರಿಗೆ ಮುಖ್ಯ. ಅಕ್ಟೋಬರ್ ಕೊನೆಯಲ್ಲಿ ಹಗಲು 20 ಡಿಗ್ರಿಯ ಆಸುಪಾಸು ಹಿತವಾಗಿರುತ್ತದೆ. ಇರುಳು 5 ಡಿಗ್ರಿಗೂ ಕೆಳಗಿಳಿಯುವುದು. ನವೆಂಬರ್ ನಡುವೆ ಸೊನ್ನೆಯ ಹತ್ತಿರ ಬರುವುದು. ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ಮೂರು ತೆಳುವಾದ ಬಟ್ಟೆ ಮೇಲು, ಏಕೆಂದರೆ ಮಧ್ಯಾಹ್ನ ಕಳಚಬೇಕಾಗುತ್ತದೆ. ಸರೋವರದ ಮೇಲಿನ ದೋಣಿಮನೆಗಳು ಚೆಂದವೇ ಸರಿ. ಆದರೆ ಈ ಕಾಲದಲ್ಲಿ ಅಲ್ಲಿ ನೀರಿನ ಥಂಡಿ ಹೆಚ್ಚು. ಹಿರಿಯರಿದ್ದರೆ ಒಂದು ರಾತ್ರಿ ಅಲ್ಲಿ ಕಳೆದು, ಉಳಿದ ದಿನಗಳಿಗೆ ದಡದ ಮೇಲೆ ಬಿಸಿನೀರಿರುವ ಕೋಣೆ ಹಿಡಿಯಬಹುದು. ಬುಖಾರಿ ಎಂಬ ಒಲೆಯನ್ನಾಗಲಿ ಇದ್ದಲಿನ ಅಗ್ಗಿಷ್ಟಿಕೆಯನ್ನಾಗಲಿ ಕೋಣೆಯಲ್ಲಿಟ್ಟು ಬಾಗಿಲು ಕಿಟಕಿ ಭದ್ರಮಾಡಿ ಮಲಗಬಾರದು. ವಿಷಗಾಳಿಯಿಂದ ನಿದ್ದೆಯಲ್ಲಿಯೇ ಪ್ರಾಣ ಹೋಗುವುದುಂಟು. ಊಟಕ್ಕೆ ಶಾಕಾಹಾರಿಗಳು ಹೆದರಬೇಕಾಗಿಲ್ಲ. ಹಾಕ್ ಎಂಬ ಸೊಪ್ಪಿನ ಅಡುಗೆ, ನದ್ರು ಎಂಬ ತಾವರೆಯ ದಂಟಿನ ಪಲ್ಯ ನಮ್ಮ ಬಾಯಿಗೆ ಹಿಡಿಸುವಂಥವೇ. ಅಕ್ಕನವರು ತಾವರೆದಂಟನ್ನು ಮೂರು ದಿನ ಬಿಡದೆ ತರಿಸಿಕೊಂಡರು.

ಈಗ ತೋಟಗಳಿಗೆ ಬರೋಣ. ಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ವಿಷಯ ಸ್ಪಷ್ಟವಾಗುವುದು. ನಮ್ಮ ಅಕ್ಕನವರ ಭೂಗೋಳ ಉಪಯೋಗಕ್ಕೆ ಬಂದದ್ದು ಇಲ್ಲಿಯೇ. ದಾಲ್ ಸರೋವರದ ಪೂರ್ವಕ್ಕೆ ಜಬರ್‌ವಾನ್ ಬೆಟ್ಟಗಳು. ಅವುಗಳ ಬುಡದಲ್ಲಿಯೇ ಪ್ರಸಿದ್ಧವಾದ ಮೊಗಲ್ ತೋಟಗಳು: ಜಹಾಂಗೀರನು 1619ರಲ್ಲಿ ಹಾಕಿಸಿದ ಶಾಲಿಮಾರ್, ನೂರ್‌ಜಹಾನಳ ಅಣ್ಣ ಆಸಫ್ ಖಾನನು 1633ರಲ್ಲಿ ಹಾಕಿಸಿದ ನಿಶಾತ್. ಬೆಟ್ಟ ಬೆನ್ನಿಗಿರುವುದರಿಂದ ಬೆಳಗಿನ ಬಿಸಿಲು ಅಲ್ಲಿಗೆ ತಡವಾಗಿ ಬರುವುದು. ಸಂಜೆಯ ಬಿಸಿಲಾದರೋ ಸರೋವರದ ನೀರನ್ನು ದಾಟಿ ನೇರವಾಗಿ ಮರಗಳ ಮುಖಕ್ಕೆ ಬೀಳುವುದು. ಎದುರು ದಡದಲ್ಲಿ, ಹಜರತ್‌ಬಲ್ ಮಸೀದಿಯ ಹತ್ತಿರ, ನಸೀಮ್ ಬಾಗ್ ಇದೆ. ಇಂದು ಅದು ಕಾಶ್ಮೀರ ವಿಶ್ವವಿದ್ಯಾನಿಲಯದ ಆವರಣದಲ್ಲಿ ಸೇರಿದೆ. ಅಲ್ಲಿ ಪೂರ್ವದ ಬಿಸಿಲು ಮರಗಳ ಸಾಲಿನೊಳಕ್ಕೆ ಬೆಳಗಿನಲ್ಲಿಯೇ ನುಗ್ಗುತ್ತದೆ. ಆದಕಾರಣ ಬೆಳಗ್ಗೆ ನಸೀಮ್ ಬಾಗ್, ಸಂಜೆ ನಿಶಾತ್. ಈ ಒಂದು ಸೂತ್ರವನ್ನು ಅನುಸರಿಸಿದವರಿಗೆ ಅರ್ಧ ಚಿತ್ರಗಳು ತಾವಾಗಿಯೇ ಬಂದಂತೆ. ನವೆಂಬರ್ ಆದಿಯಲ್ಲಿ ಅಲ್ಲಿ ಸೂರ್ಯೋದಯ ಸುಮಾರು ಆರೂಮುಕ್ಕಾಲಿಗೆ, ಅಸ್ತಮಾನ ಐದೂವರೆಗೆ. ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ ನಲವತ್ತು ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಅದೇ ದಿನ ಬೆಂಗಳೂರಿನಲ್ಲಿ ಅರವತ್ತು. ನೆತ್ತಿಯ ಬಿಸಿಲು ಚಿತ್ರವನ್ನು ಕೆಡಿಸುವುದೆಂದು ನಮ್ಮೂರಿನಲ್ಲಿ ಮಧ್ಯಾಹ್ನ ಕ್ಯಾಮರಾವನ್ನು ಒಳಗಿಡುವವರು ಅಲ್ಲಿ ಹಾಗೆ ಮಾಡಬೇಕಾಗಿಲ್ಲ.

ನಿಶಾತಿಗೆ ಹನ್ನೆರಡು ಮೆಟ್ಟಿಲಿನಂಥ ಹಂತಗಳು. ನೀರಿನ ಕಾಲುವೆ ನಡುವೆ ಇಳಿಯುತ್ತದೆ. ಎಲ್ಲರೂ ಕೆಳಗಿನ ಹಂತದಲ್ಲಿ ನಿಂತು ಮೇಲಕ್ಕೆ ನೋಡಿ ಚಿತ್ರ ತೆಗೆಯುವರು. ಮೇಲಿನ ಹಂತಕ್ಕೆ ಹತ್ತಿ ಹಿಂದಿರುಗಿ ನೋಡಿದರೆ ಮರಗಳ ತಲೆಯ ಮೇಲಿಂದ ಸರೋವರ ಕಾಣುವುದು, ಅದೇ ಚೆಲುವು. ಶಾಲಿಮಾರಿನಲ್ಲಿ ಜನಸಂದಣಿ ನಮಗೆ ಹೆಚ್ಚೆನಿಸಿತು. ಸರೋವರದ ನಡುವಿನ ನಡುಗಡ್ಡೆ ಚಾರ್ ಚಿನಾರಿಯ ಹೆಸರು ದೊಡ್ಡದು; ದೋಣಿಯಲ್ಲಿ ಹೋಗಿ ಬರುವ ಸುಖವೇ ಅಲ್ಲಿ ಮುಖ್ಯ. ಶಂಕರಾಚಾರ್ಯ ಬೆಟ್ಟದ ಮೇಲಿಂದ ಊರನ್ನು ನೋಡಿದರೆ ಮನೆಗಳ ನಡುವೆ ಅಲ್ಲಲ್ಲಿ ಕೆಂಡ ಚೆಲ್ಲಿದಂತೆ ಮರಗಳು ಕಾಣುವುವು. ಆದರೆ ಬಂಡಿ ನಿಲ್ಲುವಲ್ಲಿಂದ 240ಕ್ಕೂ ಮಿಕ್ಕ ಮೆಟ್ಟಿಲುಗಳಿವೆ. ಕ್ಯಾಮರಾವನ್ನು ಕಾವಲಿನವರ ಬಳಿಯೇ ಬಿಡಬೇಕಾಗುವುದುಂಟು. ಅಕ್ಕನವರು ಕೆಳಗೇ ಕುಳಿತು, "ಆಚಾರ್ಯರಿಗೆ ನನ್ನ ಮೊಣಕಾಲಿನ ಸ್ಥಿತಿ ಗೊತ್ತು, ನೀವು ಹೋಗಿಬನ್ನಿ" ಎಂದರು. ಶೃಂಗೇರಿಯ ಭಕ್ತರು ಇನ್ನೊಂದು ಮಾತನ್ನು ತಿಳಿದಿರಬಹುದು: ಗಡಿಯ ತೀತ್ವಾಲ್ ಎಂಬ ಊರಿನಲ್ಲಿ 2023ರ ಮಾರ್ಚ್ 22ರಂದು ಶಾರದಾಲಯವೊಂದು ತೆರೆಯಿತು; ಅಲ್ಲಿನ ಪಂಚಲೋಹದ ವಿಗ್ರಹ ಶೃಂಗೇರಿಯಿಂದಲೇ ಹೋದದ್ದು. ಅದು ಶ್ರೀನಗರದಿಂದ ಬಹು ದೂರ. ಎಲೆ ನೋಡುವ ವಾರದಲ್ಲಿ ಅದನ್ನು ಸೇರಿಸಬಾರದು, ಅದಕ್ಕಾಗಿಯೇ ಬೇರೆ ಯಾತ್ರೆ ಮಾಡಬೇಕು.

ಚಿತ್ರ ತೆಗೆಯುವವರಿಗೆ ನಮ್ಮ ಹುಡುಗನು ಕಂಡುಕೊಂಡ ಕೆಲವು ಸಂಗತಿಗಳನ್ನು ಬರೆಯುತ್ತೇನೆ. ಬಿಸಿಲು ಬೆನ್ನಿಗಿದ್ದರೆ ಎಲೆ ಬಣ್ಣದ ಕಾಗದದಂತೆ ಚಪ್ಪಟೆಯಾಗಿ ಕಾಣುತ್ತದೆ. ಮರದ ಕೆಳಗೆ ಹೋಗಿ, ಬಿಸಿಲಿಗೆ ಎದುರಾಗಿ, ಎಲೆಯನ್ನು ನಡುವೆ ಬಿಟ್ಟುಕೊಂಡು ನೋಡಬೇಕು. ಆಗ ಅದು ದೀಪದ ಗಾಜಿನಂತೆ ಒಳಗಿನಿಂದ ಬೆಳಗುತ್ತದೆ, ನರಗಳೆಲ್ಲ ತೋರುತ್ತವೆ. ಹಿನ್ನೆಲೆಯಲ್ಲಿ ಬಿಳಿಯ ಆಕಾಶವಿದ್ದರೆ ಎಲೆ ಕಪ್ಪಾಗುವುದು. ಮತ್ತೊಂದು ಮರದ ಕಾಂಡವನ್ನೋ ಬೆಟ್ಟದ ನೆರಳನ್ನೋ ಹಿಂದಕ್ಕೆ ತಂದುಕೊಂಡರೆ ಬಣ್ಣ ಉಳಿಯುವುದು. ಮೋಡದ ದಿನವೆಂದು ಬೇಸರಿಸಬಾರದು. ನೆಲದ ಮೇಲೆ ಹಾಸಿದ ಎಲೆಗೆ ಮೋಡದ ಬೆಳಕೇ ಸರಿ. ಕ್ಯಾಮರಾ ಇದ್ದವರು ಹೊಳಪು ತಗ್ಗಿಸುವ ಪೋಲರೈಸರ್ ಗಾಜನ್ನು ಒಯ್ದರೆ ಎಲೆಯ ಮೇಲಿನ ಬಿಳಿಮಿಂಚು ಹೋಗಿ ಬಣ್ಣ ಗಾಢವಾಗುವುದು. ಈಗಿನ ಮೊಬೈಲುಗಳು ಕೆಂಪನ್ನು ತಾವಾಗಿಯೇ ಇನ್ನಷ್ಟು ಕೆಂಪುಮಾಡಿ ಮದುವೆಯ ಚಪ್ಪರದಂತೆ ಮಾಡಿಬಿಡುವುವು. ಬೆಳಕನ್ನು ಕೈಯಿಂದ ಸ್ವಲ್ಪ ತಗ್ಗಿಸಿಕೊಂಡರೆ ಕಣ್ಣಿಗೆ ಕಂಡದ್ದಕ್ಕೆ ಹತ್ತಿರ ಬರುವುದು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಹೆಚ್ಚಿನದೊಂದನ್ನು ಒಳಜೇಬಿನಲ್ಲಿ ಮೈಗೆ ಹತ್ತಿಕೊಂಡಂತೆ ಇಟ್ಟಿರಬೇಕು. ವಿಮಾನದಲ್ಲಿ ಬಿಡಿ ಬ್ಯಾಟರಿಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕಕೂಡದು. ಹೆಂಗಸರ ಚಿತ್ರ ತೆಗೆಯುವ ಮೊದಲು ಕೇಳುವುದು, ಬೇಡವೆಂದರೆ ಬಿಡುವುದು, ಇದನ್ನು ಹೇಳಬೇಕಾಗಿಯೇ ಇರಬಾರದು. ನಾವು ಕಂಡ ಕೆಲವರ ನಡತೆಯಿಂದ ಹೇಳಬೇಕಾಗಿದೆ.

ಮೊದಲ ಎರಡು ಬೆಳಗೂ ಸರೋವರದ ಮೇಲೆ ಮಂಜು ಕವಿದು ನಸೀಮ್ ಬಾಗಿನಲ್ಲಿ ಹತ್ತು ಮಾರು ದೂರದ ಮರವೂ ಬೂದುಬಣ್ಣವಾಗಿತ್ತು. ಹುಡುಗನು ಮುಖ ಸಣ್ಣದು ಮಾಡಿಕೊಂಡನು. ಮೂರನೆಯ ಬೆಳಗ್ಗೆ ಎಂಟು ಗಂಟೆಗೆ ಮಂಜು ಹರಿಯಿತು. ಒಂದರ ಹಿಂದೊಂದು ನೂರಾರು ಮರಗಳು. ಕೊಂಬೆಯಲ್ಲಿಯೂ ಕೆಂಪು, ನೆಲದಲ್ಲಿಯೂ ಕೆಂಪು, ನಡುವೆ ಬೀಳುತ್ತಿರುವ ಎಲೆ. ಗಾಳಿಯಿರಲಿಲ್ಲ, ತೊಟ್ಟು ಬಿಡುವ ಸದ್ದು ಕೇಳಿಸುವಷ್ಟು ಶಾಂತವಾಗಿತ್ತು. ಅಕ್ಕನವರು ಒಂದು ಮರದ ಬುಡಕ್ಕೆ ಹೋಗಿ ಕಾಂಡಕ್ಕೆ ಅಂಗೈ ಒತ್ತಿ ನಿಂತರು. ಹುಡುಗ ಕ್ಯಾಮರಾ ಎತ್ತಿದನು. ಅವರು ತಿರುಗಿ ನೋಡದೆಯೇ, "ಸ್ವಲ್ಪ ಹೊತ್ತು ತಡಿಯೋ ಮಗು, ಮೊದಲು ನಾನು ನೋಡಿಕೊಳ್ಳುತ್ತೇನೆ" ಎಂದರು. ಅವನು ಕ್ಯಾಮರಾವನ್ನು ಇಳಿಸಿ, ತಾನೂ ಹೋಗಿ ಅವರ ಪಕ್ಕದಲ್ಲಿ ನಿಂತನು. ಆ ಬೆಳಗಿನ ಚಿತ್ರಗಳು ಒಂಬತ್ತು ಗಂಟೆಯ ಮೇಲಿನವು.

ಅದೇ ದಿನಗಳಲ್ಲಿ ಪಾಂಪೋರಿಗೆ ಹೋಗಿಬರುವುದನ್ನು ಮರೆಯಬಾರದು. ಶ್ರೀನಗರದಿಂದ ಅದು ಮುಕ್ಕಾಲು ಗಂಟೆಯ ದಾರಿಯೊಳಗೆ. ಕೇಸರಿಯ ಹೂವು ಬಿಡುವುದೂ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ಬೋಳುನೆಲದಿಂದ ಎಲೆಗಿಂತ ಮುಂಚೆ ನೇರಳೆ ಹೂವು ತಲೆಯೆತ್ತುತ್ತದೆ. ಬಿಸಿಲೇರುವ ಮೊದಲು ಮನೆಮಂದಿಯೆಲ್ಲ ಬಾಗಿ ಕೀಳುವರು. ಒಂದು ಹೂವಿಗೆ ಮೂರೇ ಕೆಂಪು ಎಳೆ. ಒಂದು ಗ್ರಾಮ್ ಕೇಸರಿಗೆ ಸುಮಾರು 150 ಹೂ ಬೇಕು. ಶ್ಯಾವಿಗೆ ಪಾಯಸಕ್ಕೆ ನಾವು ಚಿಟಿಕೆ ಹಾಕುವಾಗ ಎಷ್ಟು ಬೆನ್ನುಗಳು ಬಾಗಿದ್ದವೆಂಬುದನ್ನು ಆ ಹೊಲದಲ್ಲಿ ನಿಂತು ಲೆಕ್ಕ ಹಾಕಬಹುದು. ಕಾಶ್ಮೀರದ ಕೇಸರಿಗೆ 2020ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಬೀದಿಯಲ್ಲಿ ಅಗ್ಗವಾಗಿ ಸಿಕ್ಕಿದರೆ ಸಂಶಯಪಡುವುದೇ ವಿವೇಕ.

ಉದುರಿದ ಎಲೆ ಅಲ್ಲಿ ಕಸವಲ್ಲ. ಹೆಂಗಸರು ದೊಡ್ಡ ದೊಡ್ಡ ಪೊರಕೆಗಳಿಂದ ಗುಡಿಸಿ ರಾಶಿಮಾಡಿ, ಬೆಂಕಿ ಹಚ್ಚಿ, ಪೂರಾ ಬೂದಿಯಾಗುವ ಮುನ್ನ ನೀರು ಚಿಮುಕಿಸಿ ಆರಿಸುವರು. ಉಳಿದ ಕರಿ ಚೀಲಕ್ಕೆ ಸೇರುವುದು. ಬುಟ್ಟಿಯೊಳಗಿನ ಮಣ್ಣಿನ ಕುಡಿಕೆಯಲ್ಲಿ ಆ ಕರಿಯನ್ನು ಹಾಕಿ, ಕೆಂಡವಿಟ್ಟು, ಫೆರನ್ ಎಂಬ ನಿಲುವಂಗಿಯೊಳಗೆ ಹಿಡಿದುಕೊಂಡೇ ಅವರು ಚಳಿಗಾಲವನ್ನು ಕಳೆಯುವುದು. ಅದಕ್ಕೆ ಕಾಂಗ್ರಿ ಎಂದು ಹೆಸರು. ಹೊಗೆಯಿಂದ ಊರಿನ ಗಾಳಿ ಕೆಡುವುದೆಂದು ಎಲೆ ಸುಡುವುದನ್ನು ಈಚೆಗೆ ಆಡಳಿತದವರು ತಡೆಯುವುದುಂಟು. ಮರಕ್ಕಂತೂ ಕಾವಲು ಬಿಗಿಯಾಗಿದೆ: ತನ್ನ ಹಿತ್ತಲಿನ ಚಿನಾರನ್ನಾದರೂ ಅಪ್ಪಣೆಯಿಲ್ಲದೆ ಯಾರೂ ಕಡಿಯುವಂತಿಲ್ಲ. 2025ರ ಹೊತ್ತಿಗೆ 28,000ಕ್ಕೂ ಮಿಕ್ಕ ಮರಗಳನ್ನು ಎಣಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಮೊಬೈಲಿನಿಂದ ಓದಬಹುದಾದ ಫಲಕವನ್ನು ಕಟ್ಟತೊಡಗಿದ್ದರು.

ನಸೀಮ್ ಬಾಗಿನಲ್ಲಿ ಎಲೆ ಗುಡಿಸುತ್ತಿದ್ದ ಮುದುಕಿಯೊಬ್ಬಳು ಅಕ್ಕನವರನ್ನು ಕಂಡು ಕೈಬೀಸಿ ಕರೆದು ತನ್ನ ಕಾಂಗ್ರಿಯನ್ನು ಅವರ ಮೊಣಕಾಲಿನ ಬಳಿ ಇಟ್ಟಳು. ಇವರಿಗೆ ಕಾಶ್ಮೀರಿ ಬಾರದು, ಅವಳಿಗೆ ಕನ್ನಡ ಬಾರದು. ಕಾಲು ಗಂಟೆ ಇಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಮಂಡಿನೋವಿನ ವಿಷಯವನ್ನೇ ಮಾತನಾಡಿದರೆಂದು ನಮಗೆ ತೋರಿತು. ಹೊರಡುವಾಗ ಅವಳು ರಾಶಿಯಿಂದ ಅಂಗೈಗಿಂತ ದೊಡ್ಡದಾದ ಕೆಂಪೆಲೆಯೊಂದನ್ನು ಆರಿಸಿ ಕೊಟ್ಟಳು. ಒಯ್ಯುವವರು ಹಾಗೆ ಒಂದೆರಡನ್ನು ಹೀರುಗಾಗದದ ನಡುವೆ ಒತ್ತಿ, ದಿನಕ್ಕೊಮ್ಮೆ ಕಾಗದ ಬದಲಾಯಿಸಿ, ಬೆಳಕಿಗೆ ಇಡದಿದ್ದರೆ ಬಣ್ಣ ಕೆಲವು ಕಾಲ ನಿಲ್ಲುವುದು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ತಂದರೆ ಬೆಂಗಳೂರು ಮುಟ್ಟುವ ಹೊತ್ತಿಗೆ ಬೂಸ್ಟು ಹಿಡಿದಿರುತ್ತದೆ.